ಸಿಹಿ ನೀರಿನ ಒರತೆ

ಕೆಂಪಗೆ, ಇನ್ನೂ ಹಸಿಯಾಗಿ, ಜೋಳದ ಎಲೆಯ ನಡುಗೆರೆ ಹಿಡಿದು ಇಳಿಯುತ್ತಿದೆ, ರೋಗವಿರಬೇಕು ಅಂದುಕೊಂಡೆ, ಇಪ್ಪತ್ತೆರಡು ವರ್ಷ ಸಸ್ಯಶಾಸ್ತ್ರ ಕಲಿಸಿದ ಕಣ್ಣಿಗೆ ಎಲೆಯ ಮೇಲೆ ಕೆಂಪು ಕಂಡರೆ ಮೊದಲು ರೋಗವೇ ಕಾಣುತ್ತದೆ, ಬಗ್ಗಿ ನೋಡಿದರೆ ಅಡಿಕೆಯ ಚೂರು, ತಂಬಾಕಿನ ನಾತ, ಥೂ, ಉಗುಳು, ನಮ್ಮ ನಾರಾಯಣರಾಯರದ್ದು, ನನ್ನ ಮುಂದೆ ಹೋಗುತ್ತಿರುವವರು ಅವರೊಬ್ಬರೇ — ಕಾಲುವೆ ಇಂಜಿನಿಯರ್ ಆಗಿ ನಿವೃತ್ತರಾದವರು, ತಲೆಗೆ ಬಿಳಿ ಟೊಪ್ಪಿಗೆ, ಕೈಯಲ್ಲಿ ಬೆತ್ತ, ನಾಲ್ಕು ವಾರ ಕಳೆದರೆ ಯಾರದೋ ತಾಟಿನಲ್ಲಿ ರೊಟ್ಟಿಯಾಗುವ ಬೆಳೆಯ ಮೇಲೆ ಉಗುಳಿ, ಬೆತ್ತ ಬೀಸುತ್ತ ಹೋಗಿದ್ದಾರೆ, ಮತ್ತೆ ನಾನು ಶುಕ್ರವಾರ ವಾಟ್ಸ್ಯಾಪಿನಲ್ಲಿ ಕಳಿಸಿದ ಸೂಚನೆಗಳಿಗೆ ಎಲ್ಲರಿಗಿಂತ ಮೊದಲು ಹೆಬ್ಬೆರಳು ಎತ್ತಿ ತೋರಿಸಿದವರೂ ಇವರೇ, ಭಾಳ ಛಂದ ಬರದೀರಿ ಮೃಣಾಲಿನಿಬಾಯಿ, ಎಲ್ಲಾರೂ ಹಿಂಗ ನಡಕೊಂಡ್ರ ದೇಶ ಉದ್ಧಾರ ಆಗ್ತದ. ಹದಿನಾಲ್ಕು ಸೂಚನೆ, ತಲಾ ಎರಡು ಲೀಟರ್ ನೀರು, ಕಾಲು ಮುಚ್ಚುವ ಬೂಟು, ಹೊರಡುವ ಮುಂಚೆ ಕರಿದದ್ದು ತಿನ್ನಬೇಡಿ, ಬೆಳೆಯಲ್ಲಿ ಕಾಲಿಡಬೇಡಿ, ಬೇಲಿಯ ಮುಳ್ಳು ಸರಿಸಿದರೆ ಮತ್ತೆ ಎಳೆದು ಮುಚ್ಚಿ, ಒಯ್ದ ಕಸ ವಾಪಸ್ ತನ್ನಿ, ಬಯಲಿಗೆ ಹೋಗುವುದಾದರೆ ನೀರಿನಿಂದ ಇನ್ನೂರು ಹೆಜ್ಜೆ ದೂರ, ಗೇಣುದ್ದ ಗುಂಡಿ ತೋಡಿ ಮಣ್ಣು ಮುಚ್ಚಿ, ಖುರಪಿ ನನ್ನ ಹತ್ತಿರ ಇರುತ್ತದೆ, ನಾಚಿಕೆ ಬೇಡ — ಅಂತೆಲ್ಲ ನಾನೇ ಬರೆದದ್ದು, ಮುದ್ದೇಬಿಹಾಳದ ಹತ್ತು ಜನ ಓದಿದವರನ್ನು ಒಟ್ಟು ಹಾಕಿ ತಿಂಗಳಿಗೊಂದು ಭಾನುವಾರ ಹೊಲದ ದಾರಿಗಳಲ್ಲಿ ನಡೆಸುತ್ತೇನೆಂದು ಹೊರಟವಳೂ ನಾನೇ.

ಹಿಂದೆ ಹಾಡು, ಅಮಿತನ ಕುತ್ತಿಗೆಯಲ್ಲಿ ತೂಗುಬಿಟ್ಟ ಸ್ಪೀಕರು, ಮೊಬೈಲ್ ಅಂಗಡಿಯವನು, ಅಂಗಡಿಯನ್ನು ಕೊರಳಿಗೆ ಕಟ್ಟಿಕೊಂಡೇ ಬಂದಿದ್ದಾನೆ, ಕುಸುಬೆಯ ಸಾಲಿನಿಂದ ಕವುಜುಗ ಹಕ್ಕಿಯ ಜೋಡಿಯೊಂದು ಭರ್ರನೆ ಎದ್ದು ಹೋಯಿತು, ಅದನ್ನು ತೋರಿಸೋಣವೆಂದೇ ನಾನು ಇವರನ್ನು ಇಲ್ಲಿಗೆ ಕರೆತಂದದ್ದು, ಯಾರೂ ನೋಡಲಿಲ್ಲ, ಎಲ್ಲರೂ ಕಡಲೆ ಹೊಲಕ್ಕೆ ನುಗ್ಗಿ ಗಿಡ ಕೀಳುತ್ತಿದ್ದಾರೆ, ಬೇರು ಸಮೇತ, ಎರಡು ಕಾಳು ಸುಲಿದು ತಿಂದು ಗಿಡ ಬಿಸಾಕುತ್ತಾರೆ, ಅಮಿತ ಅದು ನಿಮ್ಮ ಹೊಲ ಅಲ್ಲ ಅಂದರೆ, ಏ ಮೇಡಂ, ನಾಕ ಗಿಡಾ ಕಿತ್ತರ ಹೊಲಾ ಬೋಳ ಆಗ್ತೈತೇನ್ರಿ, ಅವನ ಹಲ್ಲಿನ ಸಂದಿಯಲ್ಲಿ ಹಸಿರು ಸಿಪ್ಪೆ, ನಗುವಾಗ ಕಾಣಿಸುತ್ತದೆ, ನನಗೆ ಓಕರಿಕೆ ಬಂತು. ಬೇಲಿಯ ಮುಳ್ಳುಕಂಟಿಯನ್ನು ಅವನು ಬೂಟಿನಿಂದ ಒದ್ದು ದಾರಿ ಮಾಡಿದ, ಹತ್ತು ಜನ ದಾಟಿದರು, ಒಬ್ಬರೂ ತಿರುಗಿ ನೋಡಲಿಲ್ಲ, ಕೊನೆಯವಳಾಗಿ ನಾನು ಎರಡೂ ಕೈಯಿಂದ ಎಳೆದು ಮುಚ್ಚಿದೆ, ಮುಂಗೈ ಗೀರಿ ರಕ್ತ ಬಂತು, ಆ ರಕ್ತವನ್ನು ಒರೆಸಿಕೊಳ್ಳದೆ ಹಾಗೇ ಬಿಟ್ಟೆ, ಯಾರಾದರೂ ನೋಡಲಿ ಅಂತ, ಹೌದು, ನೋಡಲಿ ಅಂತಲೇ. ಕೈಯಲ್ಲೊಂದು ದಪ್ಪ ಪ್ಲಾಸ್ಟಿಕ್ ಚೀಲ, ಅವರು ಬಿಸಾಕಿದ್ದನ್ನು ಆರಿಸುತ್ತ ಬರುತ್ತಿದ್ದೇನೆ, ಚಿಪ್ಸಿನ ಪೊಟ್ಟಣ, ಇನ್ನೂ ಎಂಜಲಿರುವ ಬಾಟಲಿ, ಬಾಳೆಹಣ್ಣಿನ ಸಿಪ್ಪೆ, ಎರಡು ಬೆರಳ ತುದಿಯಲ್ಲಿ ಹಿಡಿದು, ಮೂಗು ಸಿಂಡರಿಸಿ, ಪ್ರತಿಯೊಂದನ್ನೂ ಆರಿಸುವಾಗ ಇದು ಯಾರದ್ದೆಂದು ಮನಸ್ಸಿನಲ್ಲೇ ಹೆಸರು ಹಚ್ಚಿ, ಎಂಥ ಜನ, ಎಂಥ ಹೊಲಸು ಜನ, ಮತ್ತೆ ಹೊಟ್ಟೆಯೊಳಗೆ ಏನೋ ಹೊರಳಿತು, ಹೇಸಿಗೆಯಿಂದಲೇ ಇರಬೇಕು ಅಂದುಕೊಂಡೆ, ಅಲ್ಲ, ಹೇಸಿಗೆ ಹೀಗೆ ಕೆಳಗೆ ಇಳಿಯುವುದಿಲ್ಲ.

ಮಿರ್ಚಿ ಭಜಿ. ಬಸವನ ಬಾಗೇವಾಡಿಯ ರಸ್ತೆಯಲ್ಲಿ ಗಾಡಿ ನಿಂತಾಗ ಪತ್ರಿಕೆಯ ತುಂಡಿನ ಮೇಲೆ ಬಿಸಿ ಬಿಸಿ, ವಿನೀತಾ — ನನ್ನ ಕಾಲೇಜಿನಲ್ಲೇ ಇಂಗ್ಲಿಷ್ ಕಲಿಸುತ್ತಾಳೆ, ಹದಿನೈದು ವರ್ಷದ ಗೆಳತಿ — ತಿನ್ನs ಮೃಣಾಲಿನಿ, ಒಂದ್ ಪ್ಲೇಟ್ ತಿಂದ್ರ ನಿನ್ನ ಸೂಚನಾ ಏನು ಅಳಿಸಿ ಹೋಗಂಗಿಲ್ಲ, ತಿಂದೆ, ಒಂದಲ್ಲ, ಎರಡು ಪ್ಲೇಟು, ಎಣ್ಣೆ ಜಿನುಗುವ ಬೆರಳು ನೆಕ್ಕಿದೆ ಕೂಡ, ಈಗ ಅದೇ ಎಣ್ಣೆ ಗಂಟಲಿಗೂ ಕೆಳಗೂ ಒಟ್ಟಿಗೇ ನುಗ್ಗುತ್ತಿದೆ, ಹಣೆಯಲ್ಲಿ ತಣ್ಣನೆ ಬೆವರು, ಸುತ್ತ ಬಯಲು, ಎರೆಹೊಲ, ಆಳೆತ್ತರದ ಜೋಳ ಒಂದು ಕಡೆ, ಮೊಣಕಾಲುದ್ದದ ಕಡಲೆ ಒಂದು ಕಡೆ, ಜೋಳದೊಳಗೆ ಹೋಗಬಹುದಿತ್ತು, ಆದರೆ ಬೆಳೆಯಲ್ಲಿ ಕಾಲಿಡಬೇಡಿ ಅಂದವಳು ನಾನು, ಹತ್ತು ಜನ ನೋಡುತ್ತಿರುವಾಗ ಹೇಗೆ ಹೋಗಲಿ, ಖುರಪಿ ಎಲ್ಲಿ, ಖುರಪಿ ಗಾಡಿಯಲ್ಲಿದೆ, ಎರಡು ಮೈಲಿ ಹಿಂದೆ ಊರ ಗುಡಿಯ ಮುಂದೆ ನಿಲ್ಲಿಸಿದ ಗಾಡಿಯಲ್ಲಿ, ಬೆನ್ನಚೀಲ ಭಾರವಾಯಿತೆಂದು ಅದನ್ನು ನಾನೇ ಸೀಟಿನ ಕೆಳಗೆ ತಳ್ಳಿ ಬಂದದ್ದು, ಸೂಚನೆಗಳ ಅಚ್ಚಾದ ಹಾಳೆಗಳನ್ನು ಮಾತ್ರ ಹೊತ್ತು ತಂದಿದ್ದೇನೆ, ಹಂಚಲಿಕ್ಕೆ. ನೀವು ನಡೀತಿರ್ರಿ, ಒಂದು ಗಿಡದ ಫೋಟೋ ತಗೊಂಡು ಬಂದೆ ಅಂದೆ, ಸುಳ್ಳು, ಹಳ್ಳದ ದಂಡೆ ಇಳಿದೆ, ಬಳ್ಳಾರಿ ಜಾಲಿಯ ಪೊದೆ, ಅದರ ಹಿಂದೆ ಹಳ್ಳದ ಒಣ ಪಾತ್ರ, ಮೆತ್ತನೆಯ ಮರಳು, ಆಚೆ ಬದಿಯಲ್ಲಿ ಮಾತ್ರ ತೆಳ್ಳಗೆ ಹರಿಯುವ ನೀರು, ಅದರ ಅಂಚಿಗೆ ಉಪ್ಪು ಬಿಳಿಗಟ್ಟಿದೆ, ಸವುಳು ನೀರು, ಯಾರೂ ಕುಡಿಯುವುದಿಲ್ಲ, ಪರವಾಗಿಲ್ಲ, ಪರವಾಗಿಲ್ಲ, ಹತ್ತು ಹೆಜ್ಜೆ ಕೆಳಗೆ ಒಂದು ಚಪ್ಪಡಿ ಕಲ್ಲು, ಅದರ ಮೇಲೆ ಮುಳ್ಳುಕಂಟಿ ಹೇರಿದ್ದಾರೆ, ಏನೋ ಕಸ ಒಟ್ಟಿದ್ದಾರೆ ಅಂತ ಕಂಡಿತು, ಕಂಡಿತು ಅಷ್ಟೇ, ನೋಡಲಿಲ್ಲ, ನೋಡುವಷ್ಟು ಹೊತ್ತಿರಲಿಲ್ಲ, ಕೂತೆ.

ಆ ನಾಲ್ಕು ನಿಮಿಷ ನಾನು ಯಾರೂ ಆಗಿರಲಿಲ್ಲ, ಉಪನ್ಯಾಸಕಿಯಲ್ಲ, ಸೂಚನೆ ಬರೆದವಳಲ್ಲ, ಬೆವರುವ ಒಂದು ಹೊಟ್ಟೆ ಮಾತ್ರ, ಆಮೇಲೆ ಗುಲಾಬಿ ವಾಸನೆಯ ಒದ್ದೆ ಟಿಶ್ಯೂ, ಒಂದು, ಎರಡು, ಐದು, ಮರಳಿನ ಮೇಲೆ ಬೆಳ್ಳಗೆ ಬಿದ್ದವು, ಅವನ್ನು ಎತ್ತಿಕೊಳ್ಳಬೇಕು, ಕೈ ಮುಂದೆ ಹೋಗಲಿಲ್ಲ, ನನ್ನದೇ ಆದರೂ ಹೋಗಲಿಲ್ಲ, ಬೂಟಿನ ತುದಿಯಿಂದ ಮರಳು ಎಳೆದೆ, ಬೆಕ್ಕು ಎಳೆದ ಹಾಗೆ, ಮೂರು ಸಲ, ಮುಚ್ಚಿತು, ಬರಿಯ ಮರಳಾಯಿತು, ಯಾರಿಗೂ ಗೊತ್ತಿಲ್ಲ, ಎಷ್ಟು ಸುಲಭ, ದಂಡೆ ಹತ್ತಿ ಬಂದು ಅವರನ್ನು ಕೂಡಿಕೊಂಡೆ, ಹೊಟ್ಟೆ ಹಗುರ, ಮನಸ್ಸೂ ಹಗುರ, ನಾಚಿಕೆ ಆಗಲಿಲ್ಲವೇ, ಇಲ್ಲ, ಕ್ಯಾಪು ತೆಗೆದು ಗಾಳಿ ಬೀಸಿಕೊಳ್ಳುತ್ತ ದಾರಿಯಲ್ಲಿ ಬಿದ್ದಿದ್ದ ಇನ್ನೊಂದು ಚಿಪ್ಸಿನ ಪೊಟ್ಟಣ ಎತ್ತಿ, ಇದು ಯಾರದ್ದು ಅಂತ ಜೋರಾಗಿ ಕೇಳಿದೆ, ಕೇಳಿದೆನಲ್ಲ, ಅದೇ ಕೈಯಿಂದ ಎತ್ತಿ ಕೇಳಿದೆನಲ್ಲ.

ಕುರಿಗಳು ಮೊದಲು ಬಂದವು, ಕರಿಯವು, ಧೂಳು, ಹಿಕ್ಕೆಯ ವಾಸನೆ, ಅವುಗಳ ಹಿಂದೆ ಅವಳು, ಅರವತ್ತು ದಾಟಿದ ಹೆಂಗಸು, ಹೆಗಲ ಮೇಲೆ ಕಂಬಳಿ, ಮುಂಗೈ ತುಂಬ ಹಸಿರು ಬಳೆ, ಅವಳ ಪಕ್ಕ ತುಂಬಿದ ಬಸುರಿ ಸೊಸೆ, ಸೊಂಟದಲ್ಲಿ ಕೊಡ. ಯಾವೂರವ್ರಿ, ಬಿಸಲಾಗ ಎಲ್ಲಿಗೆ ಹೊಂಟೀರಿ, ನಡಿಲಿಕ್ಕೆ ಬಂದೀವಿ ಅಂದಳು ವಿನೀತಾ, ನಡ್ಯಾಕ? ಎಲ್ಲಿಗೆ? ಎಲ್ಲಿಗೂ ಇಲ್ಲ, ಸುಮ್ನ. ಮುದುಕಿ ನಕ್ಕಳು, ಮನಸ್ಸು ಬಿಚ್ಚಿ ನಕ್ಕಳು, ನಮಗ ನಡದ ನಡದ ಕಾಲ ಸವದಾವು, ನಿಮಗ ನಡ್ಯಾಕ ಗಾಡಿ ಮಾಡ್ಕೊಂಡ ಬರಬೇಕಾಗೇತಿ ನೋಡ್ರಿ. ಕಸ್ತೂರೆವ್ವ ಅಂತ ಹೆಸರು, ಸೊಸೆ ರೇಣುಕಾ, ಎರಡು ತಿಂಗಳಿಂದ ಆಚೆಯ ಹೊಲದಲ್ಲಿ ಕುರಿ ತರುಬಿದ್ದಾರೆ, ಹೊಲದವರಿಗೆ ಗೊಬ್ಬರ, ಇವರಿಗೆ ಕಾಳು, ಜೋಳ ಕೊಯ್ದ ಮೇಲೆ ಮುಂದಿನ ಊರು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ, ನಮ್ಮವರ ಬಾಡಿದ ಮುಖ ನೋಡಿ — ಅಮಿತ ತನ್ನ ನೀರನ್ನೆಲ್ಲ ಮುಖಕ್ಕೆ ಸುರಿದುಕೊಂಡಿದ್ದ, ರಾಯರ ಬಾಟಲಿ ಬಾಯಿ ಮುಕ್ಕಳಿಸಿ ಖಾಲಿ — ನಿಂದರ್ರಿ, ನೀರ ಕೊಡ್ತೇನಿ, ಈ ಹಳ್ಳದ ನೀರ ಸವುಳು, ಊರಾಗಿನ ಬೋರೂ ಸವುಳು, ಕುರಿ ಸೈತ ಮುಸಡಿ ತಿರುವತಾವು, ಇದೊಂದ ಒರತಿ ಸೀ ಐತಿ, ವರ್ಷಾ ಇಲ್ಲಿಗೆ ಬಂದಾಗ ನಮ್ಮತ್ತಿ ಕಾಲದಿಂದ ಕಾಪಾಡ್ಕೊಂಡ ಬಂದೇವಿ, ಅಂತ ದಂಡೆ ಇಳಿದಳು, ನಾನು ನೋಡುತ್ತಲೇ ಇದ್ದೆ, ಬಳ್ಳಾರಿ ಜಾಲಿಯ ಪೊದೆ ಬಳಸಿದಳು, ಒಂದೊಂದೇ ಮುಳ್ಳುಕಂಟಿ ಎತ್ತಿಟ್ಟಳು, ಮಗುವಿನ ಮೈಮೇಲಿಂದ ಚಾದರ ಸರಿಸುವ ಹಾಗೆ, ಚಪ್ಪಡಿ ಪಕ್ಕಕ್ಕೆ ದೂಡಿದಳು, ಅದರ ಕೆಳಗೆ ಮರಳಿನಲ್ಲಿ ತೋಡಿದ ಮೊಳದಗಲದ ಕುಣಿ, ಕುಣಿಯ ತುಂಬ ನೀರು, ಆಕಾಶ ಕಾಣುವಷ್ಟು ತಿಳಿ, ಅದಕ್ಕೆ ಮೇಲಿನಿಂದ ಜಿನುಗಿ ಬರುತ್ತದೆ, ಮರಳೊಳಗಿಂದ, ನಾನು ಕೂತ ಕಡೆಯಿಂದ, ಹತ್ತೇ ಹೆಜ್ಜೆ, ಹಳ್ಳ ಯಾವ ಕಡೆ ಇಳಿಯುತ್ತದೆ, ಹೀಗೇ ಇಳಿಯುತ್ತದೆ, ಹೀಗೇ, ಅವಳ ಕಡೆಗೇ.

ಅವಳು ತಂಬಿಗೆ ತುಂಬಿ ದಂಡೆ ಹತ್ತಿ ಬಂದಳು, ಅಮಿತ ಕೈ ಚಾಚಿದ, ಆಗ ನನ್ನ ಬಾಯಿ ತಾನಾಗಿಯೇ ತೆರೆಯಿತು, ಬ್ಯಾಡ್ರಿ, ಯಾರೂ ಕುಡೀಬ್ಯಾಡ್ರಿ, ಕಾಸಿ ಸೋಸದ ನೀರು, ಅದರೊಳಗ ಕ್ರಿಮಿ ಇರ್ತಾವ — ಪಾಠದ ದನಿಯಲ್ಲಿ, ಹಲಗೆಯ ಮುಂದೆ ನಿಂತವಳ ದನಿಯಲ್ಲಿ. ಕಸ್ತೂರೆವ್ವ ತಂಬಿಗೆಯನ್ನು ನೋಡಿದಳು, ನನ್ನನ್ನು ನೋಡಿದಳು, ನನ್ನ ಕೊರಳಿನ ತುಳಸಿಮಣಿ ಸರ ನೋಡಿದಳು, ಅವಳ ಮುಖದಿಂದ ನಗು ಹೋಯಿತು, ನಮ್ಮ ಕೈಯಾನ ನೀರ ನಡಿಯಂಗಿಲ್ಲಂತ ನೆಟ್ಟಗ ಹೇಳ್ರಲಾ ಅಕ್ಕಾರ, ನೀರಿಗ್ಯಾಕ ಹೆಸರ ಇಡ್ತೀರಿ. ಅಲ್ಲ, ಹಾಗಲ್ಲ, ಅಯ್ಯೋ ಅದಲ್ಲ, ಸಿಂದಗಿಯ ನಮ್ಮ ಹಳೆಯ ಮನೆಯ ಕಟ್ಟೆ ಕಣ್ಣ ಮುಂದೆ ಬಂತು, ಅಜ್ಜಿ ರುಕ್ಮಿಣೀಬಾಯಿ ಮೇಲೆ ನಿಂತು ಕೆಳಗೆ ಬೊಗಸೆ ಒಡ್ಡಿದವರಿಗೆ ಎತ್ತರದಿಂದ ನೀರು ಹೊಯ್ಯುತ್ತಿದ್ದಳು, ಹನಿ ಸಿಡಿದರೆ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದಳು, ನನಗೆ ಆಗ ಏಳು ವರ್ಷ, ಆಗಲೇ ಅಸಹ್ಯವಾಗಿತ್ತು, ನಾನು ಅವಳ ಹಾಗಲ್ಲ, ಎಲ್ಲರ ಮನೆಯಲ್ಲೂ ಉಣ್ಣುತ್ತೇನೆ, ಆಕೆಗೆ ಹೇಗೆ ಹೇಳಲಿ, ಹೇಳುವುದಕ್ಕೆ ಇನ್ನೊಂದು ಮಾತು ಇದೆ, ಅದೊಂದೇ ಮಾತು. ಬಿಡ್ರಿ, ನೀರಿಗೆ ಏನೂ ಆಗಿಲ್ಲಂತ ನಾನs ತೋರಸ್ತೇನಿ, ಅಂದವಳು ತಂಬಿಗೆ ಎತ್ತಿ ಗಟಗಟನೆ, ಕೊರಳ ನರ ಏರಿ ಇಳಿದು, ಪೂರಾ ಕುಡಿದು ಬಾಯಿ ಒರೆಸಿಕೊಂಡಳು, ನೋಡ್ರಿ, ಸತ್ತೇನೇನು? ಹೇಳು, ಈಗ ಹೇಳು, ಹೇಳಲಿಲ್ಲ, ಒಂದು ತಂಬಿಗೆಯಿಂದ ಏನಾಗುತ್ತದೆ, ಅವಳಿಗೆ ಗೊತ್ತೇ ಆಗುವುದಿಲ್ಲ, ನಾವು ಹೊರಟು ಹೋಗುತ್ತೇವೆ — ಅವಳು ಮತ್ತೆ ಇಳಿದಳು, ಮತ್ತೆ ತುಂಬಿದಳು, ಈ ಸಲ ಸೊಸೆಗೆ ಕೊಟ್ಟಳು, ಕುಡಿಯವ್ವಾ, ನೀ ಎರಡ ಜೀವದಾಕಿ, ರೇಣುಕಾ ಸೆರಗಿನಿಂದ ಮುಖ ಒರೆಸಿಕೊಂಡು ತಂಬಿಗೆ ತುಟಿಯ ತನಕ ಒಯ್ದಳು.

ಕುಡೀಬ್ಯಾಡ. ನನ್ನದೇ ದನಿ, ಚೀರಿದ ದನಿ. ನಾ ಅಲ್ಲೆ ಮ್ಯಾಲ ಬಯಲಕಡಿಗೆ ಕೂತಿದ್ದೆ, ಈಗ, ಅರ್ಧಾ ತಾಸಿನ ಹಿಂದ, ಒರತಿ ಅದ ಅಂತ ಗೊತ್ತಾಗಲಿಲ್ಲ. ಅಮಿತನ ಸ್ಪೀಕರು ಮಾತ್ರ ಹಾಡುತ್ತಿತ್ತು, ಅವನೇ ಬಂದ್ ಮಾಡಿದ, ಮಾಡಿ ಫಕ್ಕನೆ ನಕ್ಕ, ವಿನೀತಾ ನೆಲ ನೋಡಿದಳು, ರಾಯರು ಗಂಟಲು ಸರಿಮಾಡಿಕೊಂಡು ಮುಂದೆ ಬಂದರು, ಏ, ಅದೇನ್ ಅಷ್ಟು ದೊಡ್ಡ ಮಾತು, ಮರಳೊಳಗ ಸೋಸ್ಕೊಂಡು ಬರ್ತದ ನೀರು, ಮೂವತ್ತು ವರ್ಷ ನೀರಾವರಿ ಮಾಡೀನಿ, ಏನೂ ಆಗಂಗಿಲ್ಲ ತಗೋರಿ. ಕಸ್ತೂರೆವ್ವ ಸೊಸೆಯ ಕೈಯಿಂದ ತಂಬಿಗೆ ತೆಗೆದುಕೊಂಡು ಅವರ ಎದೆಯ ಮುಂದೆ ಹಿಡಿದಳು, ಹಂಗಾದ್ರ ನೀವ ಕುಡೀರಿ ಸಾಹೇಬ್ರ. ರಾಯರು ಹಿಂದೆ ಸರಿದರು, ಎರಡು ಹೆಜ್ಜೆ, ಬೆತ್ತಕ್ಕೆ ಎಡವಿ. ಅವಳು ತಂಬಿಗೆಯನ್ನು ನೆಲಕ್ಕೆ ಚೆಲ್ಲಿದಳು, ನನ್ನನ್ನು ಬಯ್ಯಲಿಲ್ಲ, ಬಯ್ದಿದ್ದರೆ, ಒಂದು ಏಟು ಹಾಕಿದ್ದರೆ, ಇಲ್ಲ, ಹತ್ತು ಮಾರು ಆಚೆ ಹೋಗಿ, ನಮಗೆ ಬೆನ್ನು ಮಾಡದೆ, ಅಲ್ಲೇ ಬಗ್ಗಿ, ಎರಡು ಬೆರಳು ಗಂಟಲೊಳಗೆ ತೂರಿಸಿದಳು, ಬಳೆಗಳು ಮೊಣಕೈಗೆ ಸರಿದವು, ಒಮ್ಮೆ, ಏನೂ ಬರಲಿಲ್ಲ, ಇನ್ನೊಮ್ಮೆ, ಇನ್ನೂ ಒಳಕ್ಕೆ, ಮೈಯೆಲ್ಲ ಎಳೆದ ಹಾಗೆ ಆಗಿ ನೀರು ಹೊರಗೆ ಬಂತು, ರೇಣುಕಾ ಓಡಿಹೋಗಿ ಹಣೆ ಹಿಡಿದಳು, ಅತ್ತೀ, ಅತ್ತೀ, ಸಾಕ ಬಿಡs, ಕುರಿಗಳು ಸುತ್ತ ನಿಂತು ನೋಡಿದವು, ನಾವು ಹನ್ನೊಂದು ಜನರೂ ನಿಂತು ನೋಡಿದೆವು.

ಕಣ್ಣಲ್ಲಿ ನೀರು ಬಂದದ್ದನ್ನು ಒರೆಸಿಕೊಂಡು ಬಂದಳು, ತೋರಸ್ರಿ ಎಲ್ಲಿ, ಇಳಿದು ತೋರಿಸಿದೆ, ಮುಳ್ಳ ಮುಚ್ಚಿದ್ದ ಕಾಣಲಿಲ್ಲೇನ್ರಿ ಅಕ್ಕಾರ, ಕಾಣ್ತು, ಕಂಡೂ? ಕಸ ಅನ್ಕೊಂಡೆ. ಅವಳು ತಲೆ ಆಡಿಸಿದಳು, ಆ ಒಂದು ಮಾತಿನಿಂದ ನಾನು ಪೂರ್ತಿ ಗೊತ್ತಾದೆನೇನೋ ಎಂಬಂತೆ, ತಗೀರಿ ಅಂದಳು. ನನ್ನ ಬುತ್ತಿ ಡಬ್ಬಿಯ ಮುಚ್ಚಳದಿಂದ ತೋಡಿದೆ, ಮುಚ್ಚಳ ಬಾಗಿತು, ಕೈಯಿಂದ ತೋಡಿದೆ, ಮರಳು ಒದ್ದೆಯಾಗಿತ್ತು, ಆಗಲೇ ಮೊಳದ ಆಳಕ್ಕೆ ಇಳಿದಿತ್ತು, ಗುಲಾಬಿ ವಾಸನೆಯೂ ಅದೂ ಕೂಡಿ, ಆ ವಾಸನೆ, ದೇವರೇ, ಉಸಿರು ಹಿಡಿದು ಬೊಗಸೆ ಬೊಗಸೆಯಾಗಿ ತುಂಬಿದೆ, ಅವರೆಲ್ಲರ ಕಸ ಆರಿಸುತ್ತಿದ್ದ ಚೀಲಕ್ಕೇ, ಅವರ ಪೊಟ್ಟಣ, ಅವರ ಬಾಟಲಿ, ಮೇಲೆ ನನ್ನದು, ಸುತ್ತಲಿನ ಮರಳೂ ತಗೀರಿ, ಇನ್ನೊಂದ ಮೊಳಾ, ಇನ್ನೂ, ದಂಡೆಯ ಮೇಲೆ ಹುಗಿಯಲೇನು ಅಂತ ಕೇಳಿದೆ, ಇಲ್ಲೆ ಎಲ್ಲಿ ಹುಗದರೂ ನಾವು ಇರೂ ಜಾಗಾನ, ನಿಮ್ಮೂರಿಗೆ ಒಯ್ರಿ. ಒರತೆಯ ನೀರನ್ನು ಅವಳೇ ತಂಬಿಗೆಯಿಂದ ಮೊಗೆದು ಮೊಗೆದು ಚೆಲ್ಲಿದಳು, ಕುಣಿಯ ತಳದ ತನಕ, ಮತ್ತೆ ತುಂಬಿತು, ಮತ್ತೆ ಚೆಲ್ಲಿದಳು, ಮೂರು ಸಲ, ಆಮೇಲೆ ಕಲ್ಲು ಎಳೆದು ಮುಳ್ಳು ಹೇರಿ, ಇನ್ನ ಎಂಟ ದಿನಾ ಇದನ್ನ ಮುಟ್ಟಂಗಿಲ್ಲ ರೇಣುಕಾ, ಆಚಿ ಊರಿಂದ ಹೊತ್ತ ತರೂದ, ರೇಣುಕಾ ಹೂಂ ಅಂದಳು, ಒಂದು ಕೈ ಸೊಂಟದ ಮೇಲಿಟ್ಟು, ಆಚೆ ಊರು ಎಂದರೆ ಎಷ್ಟು ದೂರ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಎರಡು ಮೈಲಿ ವಾಪಸ್ ನಡೆದೆವು, ಚೀಲ ಬೆರಳು ಕತ್ತರಿಸುವಷ್ಟು ಭಾರ, ಅವರೆಲ್ಲ ಗಾಳಿ ನೋಡಿಕೊಂಡು ನನ್ನಿಂದ ದೂರ, ಮುಂದೆ ನಡೆದರು, ಕಡಲೆ ಹೊಲಕ್ಕೆ ಈಗ ಯಾರೂ ಇಳಿಯಲಿಲ್ಲ, ನಾರಾಯಣರಾಯರು ಉಗುಳಲೂ ಇಲ್ಲ, ನಾಚಿಕೆಯಿಂದಲೋ ಭಯದಿಂದಲೋ. ಗಾಡಿಯಲ್ಲಿ ಇಪ್ಪತ್ತು ಲೀಟರಿನ ಕ್ಯಾನು ಸೀಲು ಒಡೆಯದೆ ಇತ್ತು, ಚಾಲಕ ಯುನೂಸನಿಗೆ ಬೇಲಿಯ ತನಕ ಗಾಡಿ ಬಿಡು ಅಂದೆ, ಅಲ್ಲಿಂದ ಮುಂದೆ ದಾರಿ ಇಲ್ಲ, ಕ್ಯಾನನ್ನು ಸೊಂಟಕ್ಕಿಟ್ಟುಕೊಂಡು ನಾನೊಬ್ಬಳೇ ನಡೆದೆ, ನಾ ಹಿಡೀತೇನಿ ಬಿಡ್ರಿ ಮೇಡಂ ಅಂತ ಯುನೂಸ ಹಿಂದೆ ಬಂದ, ಬೇಡವೆಂದೆ, ನಾಲ್ಕು ಕಡೆ ಇಳಿಸಿ ಇಳಿಸಿ ಎತ್ತಿದೆ, ಅವರ ಕುರಿಹಟ್ಟಿಯ ಮುಂದೆ ಇಟ್ಟಾಗ ಕಸ್ತೂರೆವ್ವ ಕಂಬಳಿಯ ಮೇಲೆ ಕೂತಿದ್ದಳು, ಗಂಟಲು ನೀವಿಕೊಳ್ಳುತ್ತ, ಇಡ್ರಿ ಅಲ್ಲೆ ಅಂದಳು, ದನಿ ಒಡೆದಿತ್ತು, ಕ್ಷಮಿಸು ಅನ್ನಲು ಬಾಯಿ ತೆರೆದೆ, ಅವಳು ಕುರಿಗಳ ಕಡೆ ತಿರುಗಿದಳು. ನಾಡಿದ್ದು ಇನ್ನೆರಡು ಕ್ಯಾನು ತರ್ತೀನಿ, ಎಂಟು ದಿನ ಆಗೂತನಕ ತರ್ತೀನಿ ಅಂದೆ, ರೇಣುಕಾ ಒಮ್ಮೆ ತಲೆ ಎತ್ತಿ, ಆಯ್ತ್ರಿ ಅಂದಳು, ಅಷ್ಟೇ.

ಈಗ ಗಾಡಿ ಓಡುತ್ತಿದೆ, ಚೀಲವನ್ನು ಮೇಲೆ ಕಟ್ಟೂಣೇನ್ರಿ ಅಂತ ಯುನೂಸ ಕೇಳಿದ, ಬೇಡ, ನನ್ನ ಕಾಲಬುಡಕ್ಕೇ ಇರಲಿ, ಎರಡು ಗಂಟು ಹಾಕಿದ್ದೇನೆ, ಆದರೂ ವಾಸನೆ ಬರುತ್ತಿದೆ, ಎಲ್ಲ ಕಿಟಕಿಗಳನ್ನೂ ತೆರೆದಿದ್ದಾರೆ, ವಿನೀತಾ ಮುಂದಿನ ಸೀಟಿಗೆ ಹೋಗಿ ಕೂತಿದ್ದಾಳೆ, ಅಮಿತ ಫೋನಿನಲ್ಲಿ ಯಾರಿಗೋ ಬರೆಯುತ್ತಿದ್ದಾನೆ, ಬರೆಯಲಿ, ಮುದ್ದೇಬಿಹಾಳದ ತುಂಬ ಗೊತ್ತಾಗಲಿ, ನಾಳೆ ತರಗತಿಯಲ್ಲಿ ಹುಡುಗಿಯರು ಬಾಯಿ ಮುಚ್ಚಿಕೊಂಡು ನಗಲಿ, ಅದು ನನಗೆ ಏನೂ ಅಲ್ಲ, ಮನೆಗೆ ಹೋಗಿ ಬಿಸಿನೀರು ಕಾಸಿ, ಉಗುರಿನ ಸಂದಿಯಲ್ಲಿ ಇನ್ನೂ ಮರಳಿದೆ, ಬ್ರಶ್ ಹಾಕಿ ತಿಕ್ಕಿ, ಆಮೇಲೆ ಚೀಲವನ್ನು ಹಿತ್ತಿಲಲ್ಲಿ ಗುಂಡಿ ತೋಡಿ, ಆಮೇಲೆ, ಆಮೇಲೆ ಸಂಜೆಗೆ ಏನು ಅಡಿಗೆ, ನಾಡಿದ್ದು ಯಾರ ಗಾಡಿ ಸಿಗುತ್ತದೆ — ಬಗ್ಗಿದ್ದಾಳೆ, ಅಲ್ಲ, ಅದು ಆಗಲೇ ಮುಗಿಯಿತು, ಕಿಟಕಿಯ ಹೊರಗೆ ಜೋಳ, ಜೋಳ, ತೊಗರಿಯ ಕಟ್ಟಿಗೆ ಹೊತ್ತ ಎತ್ತಿನ ಗಾಡಿ, ರಸ್ತೆ ತಿರುವು, ಬಗ್ಗಿದ್ದಾಳೆ, ಹಸಿರು ಬಳೆಗಳು ಮೊಣಕೈಗೆ ಸರಿದಿವೆ, ಎರಡು ಬೆರಳು ಗಂಟಲೊಳಗೆ, ಇನ್ನೂ ಒಳಕ್ಕೆ, ನಾನು ಉಗುಳು ನುಂಗುತ್ತೇನೆ, ನುಂಗಲಾಗುತ್ತಿಲ್ಲ, ಆ ಎರಡು ಬೆರಳು, ಅವಳ ಬಾಯಿಂದ ನೀರು ಎರೆಮಣ್ಣಿನ ಮೇಲೆ ಬೀಳುತ್ತಿದೆ, ಕುಡಿದಾಗ ಇದ್ದಷ್ಟೇ ತಿಳಿಯಾಗಿ, ಎರಡು ಬೆರಳು, ಬೀಳುತ್ತಲೇ ಇದೆ